ರೈಲು ಬಾರದ ಸ್ಟೇಷನ್ನಿನಲ್ಲಿ ಅಪ್ಪ

ನಮ್ಮವ್ವ ಟಾಕೀಸಿನಲ್ಲಿ ಕೂತು ನೋಡಿದ ಸಿನಿಮಾಗಳು ಬೆರಳೆಣಿಕೆಯಷ್ಟು. ಆದರೆ ಅವಳಿಗೆ ಗೊತ್ತಿರುವ ಸಿನಿಮಾ ಕತೆಗಳಿಗೆ ಲೆಕ್ಕವಿಲ್ಲ. ಅವೆಲ್ಲ ಅಪ್ಪ ಹೇಳಿದವು. ನಮ್ಮೂರು ಹಳೇಕೋಟೆಯಿಂದ ತೆಂಗಿನಕಾಯಿ ಹೇರಿಕೊಂಡು ಹೊಳೆನರಸೀಪುರಕ್ಕೆ ಹೋದ ದಿನ ಅಪ್ಪ ವ್ಯಾಪಾರ ಮುಗಿಸಿ ಸೀದಾ ಮ್ಯಾಟ್ನಿ ಶೋಗೆ ನುಗ್ಗುತ್ತಿದ್ದ. ಶಾಲೆಗೆ ರಜೆಯಿದ್ದರೆ ನಾನೂ ಜೊತೆಗೆ. ಹೊತ್ತು ಮುಳುಗುವಾಗ ಮನೆಗೆ ಬಂದರೆ ಜಗಲಿಯ ಮೇಲೆ ಅಜ್ಜಿ ಕಾದಿರುತ್ತಿದ್ದಳು.

"ಯಾಕ್ಲಾ ಇಷ್ಟೊತ್ತು?"

"ಕಾಯಿ ಇಳಿಸ್ಕೊಳಕ್ಕೆ ಆಳೇ ಇರ್ನಿಲ್ಲ ಕಣವ್ವ."

ಅಪ್ಪ ಮುಖ ಸಪ್ಪಗೆ ಮಾಡಿಕೊಂಡು ಹೀಗೆ ಹೇಳುವಾಗ ಅವನ ಕಾಲಿನ ಹೆಬ್ಬೆರಳು ನನ್ನ ಪಾದವನ್ನು ಮೆಲ್ಲಗೆ ಒತ್ತುತ್ತಿತ್ತು. ಬಾಯಿ ಬಿಡಬೇಡ ಎಂದು ಅದರರ್ಥ. ನಾನು ಬಿಡುತ್ತಿರಲಿಲ್ಲ. ಊಟವಾದ ಮೇಲೆ ಅವ್ವ ಅವರೆಕಾಯಿ ಸುಲಿಯುತ್ತಾ ಕೂತರೆ ಅಪ್ಪ ಇಡೀ ಸಿನಿಮಾ ಬಿಚ್ಚಿಡುತ್ತಿದ್ದ, ಫೈಟಿಂಗ್ ಸಮೇತ. ಅಳುವ ಜಾಗ ಬಂದರೆ ಅವ್ವ ಸೆರಗಿನಿಂದ ಕಣ್ಣೊರೆಸಿಕೊಂಡು ಮತ್ತೆ ಕಾಯಿಗೆ ಕೈ ಹಾಕುತ್ತಿದ್ದಳು. ದೊಡ್ಡವಳಾದ ಮೇಲೆ ಅವೇ ಸಿನಿಮಾಗಳನ್ನು ಟಿವಿಯಲ್ಲಿ ಮತ್ತೆ ನೋಡಿದೆ. ಅಪ್ಪ ಹೇಳಿದ್ದರಲ್ಲಿ ಅರ್ಧ ಅದರಲ್ಲಿ ಇರಲೇ ಇಲ್ಲ. ಅವನ ಸಿನಿಮಾಗಳೇ ಚೆನ್ನಾಗಿದ್ದವು ಎಂದು ಈಗಲೂ ನನ್ನ ತೀರ್ಪು.

ಅವ್ವನ ಇನ್ನೊಂದು ವಿಷಯ ಹೇಳಿಬಿಡಬೇಕು. ಅವಳು ಅಪ್ಪನ ಹೆಸರು ಹೇಳುವವಳಲ್ಲ. ಗಂಡನ ಹೆಸರು ಬಾಯಲ್ಲಿ ಬಂದರೆ ಅವನ ಆಯಸ್ಸು ಕಮ್ಮಿಯಾಗುತ್ತದೆ ಎಂದು ಅವಳವ್ವ ಕಲಿಸಿ ಕಳಿಸಿದ್ದಳು. ರೇಷನ್ ಅಂಗಡಿಯಲ್ಲೋ ಆಸ್ಪತ್ರೆಯಲ್ಲೋ ಯಜಮಾನರ ಹೆಸರೇನು ಎಂದು ಕೇಳಿದರೆ "ಲೇ, ನೀನೇಳು" ಅಂತ ನನ್ನ ಬೆನ್ನಿಗೆ ತಿವಿಯುತ್ತಿದ್ದಳು. ಓದಿದ ಕೊಬ್ಬಿನಲ್ಲಿ ನಾನು ಅವಳನ್ನು ಬೇಕಾದಷ್ಟು ರೇಗಿಸಿದ್ದೇನೆ. ಅವಳು ಜಗ್ಗಿದವಳಲ್ಲ. ಅಪ್ಪನನ್ನು ಕರೆಯಲು ಅವಳಿಗೆ ಇದ್ದದ್ದು ಒಂದೇ ಕೂಗು. ಹಿತ್ತಲ ಬೇಲಿಯ ಹತ್ತಿರ ನಿಂತು ತೋಟದ ಕಡೆಗೆ ಮುಖ ಮಾಡಿ, "ಮುದ್ದೆ ಆರೋಯ್ತದೆ, ಬನ್ನೀ!" ಎಂದು ಎಳೆದು ಕೂಗುವಳು. ಅಪ್ಪ ಎಲ್ಲಿದ್ದರೂ ಬರುತ್ತಿದ್ದ.

ಈಗ ಒಂದು ವರ್ಷದಿಂದ ಅಪ್ಪನ ಕತೆಗಳು ಕಲೆಸಿಹೋಗತೊಡಗಿವೆ. ಒಂದು ಸಿನಿಮಾದ ನಾಯಕಿ ಇನ್ನೊಂದು ಸಿನಿಮಾದ ನಾಯಕನನ್ನು ಮದುವೆಯಾಗುತ್ತಾಳೆ, ಸತ್ತವನು ಎದ್ದು ಬಂದು ತಾಂಬೂಲ ಹಂಚುತ್ತಾನೆ. ಅವ್ವ ತಿದ್ದುವುದಿಲ್ಲ, "ಆಮೇಕೆ?" ಎಂದು ಕೇಳುತ್ತಾಳೆ. ಸಿನಿಮಾ ಕಲೆಸಿದರೆ ಏನೂ ನಷ್ಟವಿರಲಿಲ್ಲ. ಆದರೆ ಮನುಷ್ಯರೂ ಕಲೆಸಿಹೋಗತೊಡಗಿದರು. ನನ್ನನ್ನು ನೋಡಿ ತನ್ನ ತಂಗಿ ಎಂದುಕೊಂಡು ಮಾತಾಡಿಸಿದ ದಿನ ನಾನು ಬಚ್ಚಲಿಗೆ ಹೋಗಿ ಅತ್ತೆ. ಹಾಸನದ ಡಾಕ್ಟರು, "ಅವರಿಗೆ ಇಷ್ಟವಾದದ್ದನ್ನ ತೋರಿಸ್ತಾ ಇರಿ, ಮಾತಾಡಿಸ್ತಾ ಇರಿ" ಅಂದರು. ಅಪ್ಪನಿಗೆ ಇಷ್ಟವಾದದ್ದು ಏನೆಂದು ನಾನು ಯೋಚಿಸಬೇಕಾಗಿರಲಿಲ್ಲ. ನಾನಿರುವ ಚನ್ನರಾಯಪಟ್ಟಣದಿಂದ ಹೊರಡುವ ಪ್ರವಾಸದ ಬಸ್ಸೊಂದು ಪಕ್ಕದ ರಾಜ್ಯದ ದೊಡ್ಡ ನಗರದಲ್ಲಿರುವ ಸಿನಿಮಾ ಸ್ಟುಡಿಯೋ ತೋರಿಸಿಕೊಂಡು ಬರುತ್ತದೆ. ಮೂರು ಸೀಟು ಹಿಡಿದೆ. ಅಪ್ಪ ಅಲ್ಲಿ ಒಂದು ಸಲವಾದರೂ ನನ್ನನ್ನು ಮಗಳೆಂದು ಗುರುತು ಹಿಡಿದು ಕತೆ ಹೇಳಲಿ, ಅಷ್ಟೇ ನನ್ನ ಆಸೆ.

ಶೂಟಿಂಗಿಗೆಂದು ಕಟ್ಟಿದ ಊರನ್ನೇ ಟಿಕೆಟ್ ಕೊಂಡವರಿಗೆ ತೋರಿಸುವ ಜಾಗ ಅದು. ಬಾಗಿಲಿಲ್ಲದ ಕೆಂಪು ಬಸ್ಸಿನಲ್ಲಿ ಕೂರಿಸಿಕೊಂಡು ಸುತ್ತಿಸಿದರು. ಒಂದೇ ಕಟ್ಟಡ ಈ ಕಡೆಯಿಂದ ಆಸ್ಪತ್ರೆ, ಆ ಕಡೆಯಿಂದ ಕೋರ್ಟು, ಹಿಂದಿನಿಂದ ಜೈಲು. ಅರಮನೆಯ ಕಂಬವನ್ನು ಬೆರಳಲ್ಲಿ ತಟ್ಟಿದರೆ ಖಾಲಿ ಡಬ್ಬದ ಸದ್ದು. ಪರದೇಶದ ಬೀದಿ ಮುಗಿದ ಕೂಡಲೇ ಯಾವುದೋ ಹಳ್ಳಿ, ಹಳ್ಳಿ ಮುಗಿದ ಕೂಡಲೇ ದೇವಲೋಕ. ಎಲ್ಲೆಡೆ ಚುರುಗುಟ್ಟುವ ಬಿಸಿಲು, ಒಂದು ಓಣಿಯಲ್ಲಿ ಮಾತ್ರ ಮಳೆ. ಆ ಮಳೆಯಲ್ಲಿ ನೆನೆಯಲು ಜನ ಸಾಲಾಗಿ ನಿಂತಿದ್ದರು. "ನಮ್ಮೂರಲ್ಲಿ ಬಿಟ್ಟಿ ಮಳೆಗೇ ಛತ್ರಿ ಹಿಡೀತೀವಿ, ಇಲ್ಲಿ ದುಡ್ ಕೊಟ್ಟು ನೆನೀತಾವ್ರಲ್ಲ!" ಎಂದು ಅವ್ವ ನಕ್ಕಳು. ಬಣ್ಣ ಹೊಡೆದ ಬಂಡೆಗಳೊಳಗೆ ಸ್ಪೀಕರುಗಳಿದ್ದವು. ಎಲ್ಲಿ ನಿಂತರೂ ಸಣ್ಣಗೆ ಹಾಡು, ಯಾವ ದಿಕ್ಕಿನಿಂದ ಎಂದು ತಿಳಿಯುತ್ತಿರಲಿಲ್ಲ.

ಅಪ್ಪ ಮಾತ್ರ ಇದನ್ನೆಲ್ಲ ಮೊದಲೇ ಕಂಡವನ ಹಾಗೆ ತಲೆಯಾಡಿಸುತ್ತಾ, ಪಂಚೆಯ ಚುಂಗು ಹಿಡಿದು ನಡೆದ. ಹಿಂದೆ ನಡೆಯುತ್ತಿದ್ದ ನನಗೆ ಒಂಥರಾ ಮಂಪರು. ಒಂದು ಊರಿನೊಳಗೆ ಇನ್ನೊಂದು ಊರು, ಮುಂದೆ ಗೋಡೆ, ಹಿಂದೆ ಬಯಲು. ನಾವು ಮೂವರೂ ಅಪ್ಪನ ತಲೆಯೊಳಗೇ ಓಡಾಡುತ್ತಿದ್ದೇವೇನೋ ಅನ್ನಿಸಿತು. ಅಲ್ಲಿ ನನಗೆ ಭಯವಾಗಲಿಲ್ಲ, ಅದು ನನಗೇ ಆಶ್ಚರ್ಯ.

ಭಯ ಆಮೇಲೆ ಬಂತು. ಒಂದು ತೋಟದ ಬೆಂಚಿನ ಮೇಲೆ ಇಬ್ಬರನ್ನೂ ಕೂರಿಸಿ ನಾನು ನೀರು ತರಲು ಹೋಗಿದ್ದೆ. ಬರುವಷ್ಟರಲ್ಲಿ ಅವ್ವ ಒಬ್ಬಳೇ ನಿಂತಿದ್ದಳು. "ಈ ಗೊಂಬೆ ಕಡೆ ತಿರುಗಿ ನೋಡ್ತಿದ್ದೆ ಕಣೆ, ಅಷ್ಟ್ರಲ್ಲೇ ಇಲ್ಲ" ಎಂದಳು. ಅಪ್ಪನ ಮೊಬೈಲು ಅವಳ ಚೀಲದಲ್ಲೇ ಇತ್ತು. ಎದುರಿಗೆ ಒಂದು ಕಿಟಕಿಯಲ್ಲಿ ಹುಡುಗಿಯೊಬ್ಬಳು ಮೈಕ್ ಇಟ್ಟುಕೊಂಡು ಕೂತಿದ್ದಳು. "ಅವಳ ಹತ್ತಿರ ಹೋಗಿ ಅಪ್ಪನ ಹೆಸರು ಹೇಳಿ ಕೂಗಿಸು, ನಾನು ಹುಡುಕ್ತೀನಿ" ಎಂದು ಅವ್ವನನ್ನು ಅತ್ತ ತಳ್ಳಿ ಓಡಿದೆ.

ಅವ್ವ ಆ ಹೆಸರು ಹೇಳುವುದಿಲ್ಲ ಎಂದು ನನಗೆ ನೆನಪಾದಾಗ ನಾನು ಆಗಲೇ ಪರದೇಶದ ಬೀದಿಯ ನಡುವೆ ಇದ್ದೆ. ತಿರುಗಿ ಹೋಗಲೋ ಮುಂದೆ ಹೋಗಲೋ ಎಂದು ನಿಂತಿರುವಾಗಲೇ ಬಂಡೆಗಳೊಳಗಿನ ಹಾಡು ನಿಂತಿತು. ಆ ಹುಡುಗಿ ಅರೆಬರೆ ಕನ್ನಡದಲ್ಲಿ, ಹೊಳೆನರಸೀಪುರದ ಕಡೆಯ, ಬಿಳಿ ಪಂಚೆಯ ಹಿರಿಯರು ಎಲ್ಲಿದ್ದರೂ ತೋಟದ ಹತ್ತಿರ ಬರಬೇಕು ಎಂದು ಹೇಳಿದಳು. ಹೆಸರಿಲ್ಲ. ನನಗೆ ಸಿಟ್ಟು ಬಂತು. ಇಂಥ ಹೊತ್ತಿನಲ್ಲೂ ಶಾಸ್ತ್ರವೇ ಎಂದು ಹಲ್ಲು ಕಚ್ಚಿಕೊಂಡು ಓಡಿದೆ.

ಬೀದಿಯ ಕೊನೆಗೆ ಒಂದು ರೈಲ್ವೆ ಸ್ಟೇಷನ್. ಎರಡು ಕಂಬಿ, ಒಂದು ಗಡಿಯಾರ, ಎಲ್ಲಿಗೂ ಹೋಗದ ಒಂದು ಬೋಗಿ. ಕಂಬಿಗಳು ಪ್ಲಾಟ್‌ಫಾರಂ ಮುಗಿಯುವ ಕಡೆಯೇ ಮುಗಿದು ಅಲ್ಲಿಂದಾಚೆ ಹುಲ್ಲು. ಕಲ್ಲುಬೆಂಚಿನ ಮೇಲೆ ಅಪ್ಪ ಕೂತಿದ್ದ, ಕೈಗಳನ್ನು ಮಡಿಲಲ್ಲಿಟ್ಟುಕೊಂಡು, ನೆಮ್ಮದಿಯಾಗಿ. ಏದುಸಿರು ಬಿಡುತ್ತಾ ಪಕ್ಕದಲ್ಲಿ ಕುಸಿದೆ. ಅವನು ಸರಿದು ಜಾಗ ಕೊಟ್ಟ.

"ನೀವು ಯಾವೂರ್ಗೋಗ್ಬೇಕು ತಾಯಿ?"

"ಹಳೇಕೋಟೆಗೆ" ಎಂದೆ.

"ಅಂಗಾದ್ರೆ ನನ್ ಜೊತೇಲೇ ಬನ್ನಿ. ಒಳೆನರಸೀಪುರದಲ್ಲಿಳ್ಕೊಂಡು ಬಸ್ ಇಡಿಯಾನ. ಗಾಡಿ ಇನ್ನೇನ್ ಬತ್ತದೆ."

"ಅಪ್ಪ, ನಾನು. ಏಳು, ಅವ್ವ ಕಾಯ್ತಾವ್ಳೆ."

ಅವನು ನನ್ನ ಮುಖವನ್ನು ಕರುಣೆಯಿಂದ ನೋಡಿದ. ಪಾಪ, ಯಾರೋ ದಿಕ್ಕು ತಪ್ಪಿದವಳು ಎಂದುಕೊಂಡಿರಬೇಕು. ಆಗ ಮತ್ತೆ ಹಾಡು ನಿಂತಿತು. ಈ ಸಲ ಬಂದದ್ದು ಹುಡುಗಿಯ ದನಿಯಲ್ಲ, ಅವ್ವನದು. ಮೈಕಿಗೆ ಬಾಯಿ ತೀರಾ ಹತ್ತಿರ ಇಟ್ಟಿದ್ದಳೇನೋ, ಉಸಿರೂ ಕೇಳುತ್ತಿತ್ತು. ಬಹಳ ಹೊತ್ತು ಬರೀ ಉಸಿರು. ಆಮೇಲೆ, ಮೆಲ್ಲಗೆ, ಅಪ್ಪನ ಹೆಸರು.

ಆ ಹೆಸರನ್ನು ಅವ್ವನ ದನಿಯಲ್ಲಿ ನಾನು ಕೇಳಿದ್ದು ಅದೇ ಮೊದಲು. ಬಂಡೆ, ಕಂಬ, ಮರಗಳ ಬುಡ, ಎಲ್ಲ ಕಡೆಯಿಂದಲೂ ಅದು ಬಂತು. ಅವಳು ಏನನ್ನು ಪಣಕ್ಕಿಟ್ಟು ಹೇಳುತ್ತಿದ್ದಾಳೆಂದು ನನಗೆ ಗೊತ್ತಿತ್ತು. ನನ್ನ ಸಿಟ್ಟೆಲ್ಲ ಇಳಿದು ಹೋಯಿತು. ಅವ್ವ ಇನ್ನೊಂದು ಸಲ ಹೆಸರು ಹೇಳಿದಳು, ಈ ಸಲ ಅಳುತ್ತಾ.

ಅಪ್ಪ ತಲೆಯೆತ್ತಿ ಕೇಳಿದ. "ಯಾರೋ ಎಣ್ಮಗ್ಳು, ನಮ್ಮ ಕಡೇವ್ಳೇ. ಯಾರ್ನೋ ಕರೀತಾವ್ಳೆ. ಕಳ್ಕೊಂಬುಟ್ಟವ್ಳೆ ಅಂತ ಕಾಣ್ತದೆ, ಪಾಪ" ಎಂದ. ಕೂತಲ್ಲಿಂದ ಏಳಲಿಲ್ಲ. ಎಲ್ಲವೂ ನಿಂತುಹೋದಂತಿದ್ದ ಆ ಸ್ಟೇಷನ್ನಿನಲ್ಲಿ ಅವನ ಕೈ ಹಿಡಿದುಕೊಂಡು ನಾನೂ ಕೂತೆ. ನಿಜವಾಗಿಯೂ ಒಂದು ರೈಲು ಬಂದು, ಅದರಲ್ಲಿ ಅವನು ಒಬ್ಬನೇ ಹತ್ತಿ ಹೋಗಿಬಿಡುತ್ತಾನೇನೋ ಎಂದು ಹುಲ್ಲಿನ ಕಡೆಗೇ ನೋಡುತ್ತಿದ್ದೆ.

ಸ್ಪೀಕರಿನಲ್ಲಿ ಏನೋ ಗರಗರ ಸದ್ದಾಯಿತು. ಹುಡುಗಿ ಮೈಕು ಕಿತ್ತುಕೊಳ್ಳಲು ನೋಡಿದಳೋ ಏನೋ. ಅದನ್ನು ಮೀರಿ, ಹಿತ್ತಲ ಬೇಲಿಯ ಹತ್ತಿರ ನಿಂತ ಅದೇ ಗಂಟಲು:

"ಮುದ್ದೆ ಆರೋಯ್ತದೆ, ಬನ್ನೀ!"

ಇಡೀ ಸಿನಿಮಾ ಊರಿಗೆ ಅದು ಕೇಳಿಸಿತು. ಪರದೇಶದ ಬೀದಿಯಲ್ಲಿ ಫೋಟೋ ತೆಗೆಸಿಕೊಳ್ಳುತ್ತಿದ್ದವರು ಅತ್ತಿತ್ತ ನೋಡಿದರು. ಅಪ್ಪ ಎದ್ದ. ಪಂಚೆ ಕೊಡವಿಕೊಂಡು, ಹೆಗಲ ಮೇಲೆ ಇಲ್ಲದ ಗುದ್ದಲಿಯನ್ನು ಒಮ್ಮೆ ಸರಿಮಾಡಿಕೊಂಡು, ಬಿರಬಿರನೆ ನಡೆಯತೊಡಗಿದ. ನಾನು ಹಿಂದೆ ಓಡಬೇಕಾಯಿತು. ಕೋರ್ಟು ದಾಟಿ, ಅರಮನೆ ದಾಟಿ, ಆ ಓಣಿಯ ಮಳೆಯಲ್ಲಿ ಸಾಲನ್ನು ಸೀಳಿಕೊಂಡು ನೆನೆದು ನಡೆದ. ಕಿಟಕಿಯ ಮುಂದೆ ಅವ್ವ ನಿಂತಿದ್ದಳು.

"ಕೈ ತೊಳ್ಯಕ್ಕೆ ನೀರೆಲ್ಲಮ್ಮಿ?" ಎಂದು ಕೇಳಿದ.

ಅವ್ವ ನಾನು ತಂದಿದ್ದ ಬಾಟಲಿಯ ಮುಚ್ಚಳ ತೆಗೆದು ಅವನ ಕೈಗೆ ಸುರಿದಳು. ಮುದ್ದೆ ಎಲ್ಲಿಂದ ಬರಬೇಕು, ಅವ್ವನ ಚೀಲದಲ್ಲಿದ್ದ ಮೊಸರನ್ನದ ಪೊಟ್ಟಣ ಬಿಚ್ಚಿದೆ. ಅಪ್ಪ ತಕರಾರಿಲ್ಲದೆ ಉಂಡ.

ವಾಪಸ್ಸು ಬರುವಾಗ ಬಸ್ಸಿನಲ್ಲಿ ಅಪ್ಪ ನಡುವೆ, ನಾವಿಬ್ಬರೂ ಅಕ್ಕಪಕ್ಕ. ಹೊರಗೆ ಸಂಜೆಯ ಬೆಳಕಿನಲ್ಲಿ ಜೋಳದ ಹೊಲಗಳು ಹಿಂದಕ್ಕೆ ಹೋಗುತ್ತಿದ್ದವು. ಎಲ್ಲರಿಗೂ ತೂಕಡಿಕೆ. ಅವ್ವ ಮಾತ್ರ ಬಹಳ ಹೊತ್ತಿನಿಂದ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚುತ್ತಿದ್ದಳು. ಕೊನೆಗೆ ಅಪ್ಪನ ಕಡೆ ನೋಡದೆಯೇ ಹೇಳಿದಳು:

"ನಾನು ನಿಮ್ಮೆಸ್ರು ಯೋಳ್ಬುಟ್ಟೆ. ಅದೂ ಮೈಕ್ನಲ್ಲಿ. ಎಲ್ಡು ಸತಿ. ನಿಮ್ಗೇನಾದ್ರೂ ಆದ್ರೆ ನಾನೇನ್ಮಾಡ್ಲಿ?"

ಅಪ್ಪ ಅವಳ ಕಡೆ ತಿರುಗಿ ಮುಖ ಸಪ್ಪಗೆ ಮಾಡಿಕೊಂಡ.

"ನಂಗೇನೂ ಕೇಳುಸ್ನೇ ಇಲ್ವಲ್ಲಮ್ಮಿ. ಮುದ್ದೆಗೆ ಕರ್ದಿದ್ದೊಂದೇ ಕೇಳುಸಿದ್ದು."

ಅವ್ವ ನಿಟ್ಟುಸಿರು ಬಿಟ್ಟಳು. ಕೇಳಿಸದ ಹೆಸರಿಗೆ ದೋಷವಿಲ್ಲ ಎಂದು ಅವಳ ಶಾಸ್ತ್ರ ಒಪ್ಪಿತೇನೋ, ಕಿಟಕಿಗೆ ತಲೆಯೊರಗಿಸಿ ಕಣ್ಣು ಮುಚ್ಚಿದಳು. ಸ್ಟೇಷನ್ನಿನ ಬೆಂಚಿನ ಮೇಲೆ ಆ ಹೆಸರು ಕೇಳಿ ಅಪ್ಪ ಏನಂದನೆಂದು ಬಲ್ಲವಳು ನಾನೊಬ್ಬಳೇ. ಅದನ್ನೂ ಮರೆತುಬಿಟ್ಟನಲ್ಲ ಎಂದು ಬೇಸರದಿಂದ ಹೊರಗೆ ನೋಡುತ್ತಾ ಕೂತೆ.

ಆಗ ಸೀಟಿನ ಕೆಳಗೆ, ಕತ್ತಲಲ್ಲಿ, ಅಪ್ಪನ ಕಾಲಿನ ಹೆಬ್ಬೆರಳು ನನ್ನ ಪಾದವನ್ನು ಮೆಲ್ಲಗೆ ಒತ್ತಿತು.