ಫಿಂಜಾನ್ ಅಲ್ಲಾಡಿಸುವ ಊರಿನಲ್ಲಿ

ಒಮಾನಿನ ಸೋಹಾರಿಗೆ ಬಂದ ಮೂರನೆಯ ದಿನ, ಕುಳಿತಲ್ಲೇ ಒಂಬತ್ತು ಸಲ ಕಾಫಿ ಕುಡಿದೆ. ದಿನಚರಿಯಲ್ಲಿ ಹಾಗೇ ಬರೆದಿದ್ದೇನೆ: ಕಾಫಿ ಒಂಬತ್ತು, ಖರ್ಜೂರ ನಾಲ್ಕು, ನಿದ್ದೆ ಇಲ್ಲ. ಅದು ನಮ್ಮ ಕಂಪನಿಯ ಲಾರಿ ಓಡಿಸುವ ಹಮೂದನ ಮನೆ. ಹಿಡಿಕೆಯಿಲ್ಲದ ಪುಟ್ಟ ಬಟ್ಟಲಿಗೆ ಇಲ್ಲಿಯವರು ಫಿಂಜಾನ್ ಅನ್ನುತ್ತಾರೆ. ಕುಡಿದು ಮುಗಿಸಿ ಮರಳಿ ಕೊಡಲು ಚಾಚಿದಂತೆಲ್ಲ ಅವನು ಮತ್ತೆ ತುಂಬುತ್ತಿದ್ದ. ಬಾಜುಕ್ಕೆ ಕುಳಿತಿದ್ದ ರಫೀಕ್ ಭಾಯಿ ಹೊಟ್ಟೆ ಹಿಡಿದುಕೊಂಡು ನಕ್ಕರು.

“ಏ ತಮ್ಮಾ, ಬಟ್ಟಲಾ ಅಳ್ಳಾಡಸು. ಇಲ್ಲಂದ್ರ ಅಂವಾ ಬೆಳತನಾ ಸುರೀತಾನ.”

ಅಲ್ಲಾಡಿಸಿದೆ. ಹಮೂದ್ ತಕ್ಷಣ ಹೂಜಿ ಕೆಳಗಿಟ್ಟ. ಒತ್ತಾಯವಿಲ್ಲ, ಬೇಸರವೂ ಇಲ್ಲ. ನಮ್ಮ ತಿರ್ಲಾಪುರದಲ್ಲಿ ‘ಸಾಕ್ರಿ’ ಅಂದರೆ ಯಾರು ನಂಬುತ್ತಾರೆ? ತಾಟಿನ ಮೇಲೆ ಅಡ್ಡ ಹಿಡಿದ ಕೈಯ ಸಂದಿಯಿಂದಲೇ ಹೋಳಿಗೆ ಜಾರಿಸುತ್ತಾರೆ.

ರಫೀಕ್ ಭಾಯಿ ಕಡಪಾದವರು. ಈರಣ್ಣ ಕಾಕಾನ ಜೊತೆ ಇದ್ದು ಇದ್ದು ನಮ್ಮ ಕನ್ನಡವನ್ನೇ ಕಲಿತಿದ್ದಾರೆ. ಕಾಕಾ ನಮ್ಮೂರಿನವರು, ಅಪ್ಪನ ಚಿಕ್ಕಪ್ಪನ ಮಗ. ಕಚ್ಚಾ ಎಣ್ಣೆ ತುಂಬಿಡುವ ಟ್ಯಾಂಕುಗಳ ತಳದಲ್ಲಿ ಕಪ್ಪು ಗಸಿ ಕೂರುತ್ತದೆ. ಅದನ್ನು ಸಲಿಕೆಯಿಂದ ಕೆರೆದು ತೆಗೆಯುವ ಕೂಲಿಯಾಗಿ ಅವರು ಇಲ್ಲಿಗೆ ಬಂದಿದ್ದರು. ಈಗ ಅದೇ ಕೆಲಸದ ಗುತ್ತಿಗೆ ಹಿಡಿಯುವ ಕಂಪನಿ ಅವರದು. ಗಸಿ ಹೀರುವ ಲಾರಿಗಳೇ ಹನ್ನೊಂದು. ಹೊಸಬರು ಬಂದಾಗಲೆಲ್ಲ ಆ ಕಥೆ ಹೇಳುತ್ತಾರೆ.

“ನನಗ ಬರಬೇಕಾದ ಫೋರ್‌ಮನ್ ಕೆಲಸಾನ ಮಾಲಕ ತನ್ನ ಅಳಿಯಾಗ ಕೊಟ್ಟ. ಅವತ್ತ ಸಲಿಕಿ ಒಗದೆ. ಆ ಸಿಟ್ಟಿನ್ಯಾಗ ಕಟ್ಟಿದ್ದು ಇದು.”

ಕ್ಯಾಂಪಿನ ಕೋಣೆಯಲ್ಲಿ ರಫೀಕ್ ಭಾಯಿಯ ಮಂಚ, ನನ್ನ ಮಂಚ ಎದುರುಬದುರು. ನನ್ನ ಹಾಸಿಗೆಯ ಮೇಲೆ ನವಲಗುಂದದ ಜಮಖಾನ, ಅವರ ಗೋಡೆಗೆ ಮಗಳ ಫೋಟೋ. ಜೋಳದ ಹಿಟ್ಟು ಇಲ್ಲಿಯ ಅಂಗಡಿಯಲ್ಲೂ ಸಿಗುತ್ತದೆ, ಆದರೆ ಜಿಗಿ ಇಲ್ಲ. ಮೊದಲ ತಿಂಗಳ ಲೆಕ್ಕ: ಹರಿದ ರೊಟ್ಟಿ ನಲವತ್ತು, ದುಂಡಗಾದದ್ದು ಎರಡು. ಹರಿದವನ್ನೆಲ್ಲ ತಿಂದವರು ರಫೀಕ್ ಭಾಯಿ. “ರೊಟ್ಟಿ ಬಡದೀಯೊ, ನಿಮ್ಮೂರ ನಕಾಶ ತಗದೀಯೊ?” ಎನ್ನುತ್ತಲೇ ತಿನ್ನುತ್ತಿದ್ದರು. ಟ್ಯಾಂಕಿಗೆ ಇಳಿಯುವ ಮುನ್ನ ಒಳಗಿನ ವಿಷಗಾಳಿ ಅಳೆಯುವುದನ್ನು ಕಲಿಸಿದವರೂ ಅವರೇ. ಹಳೆಯ ಫೋರ್‌ಮನ್ ಊರಿಗೆ ಮರಳಿದಾಗ, ಮುಂದಿನವರು ಯಾರೆಂದು ಯಾರೂ ಕೇಳಲಿಲ್ಲ. ಎಲ್ಲರಿಗೂ ಗೊತ್ತಿತ್ತು.

ಆ ಶುಕ್ರವಾರ ಕಾಕಾ ನನ್ನನ್ನು ಊಟಕ್ಕೆ ಕರೆದರು. ಅವರ ಹೆಂಡತಿ, ಕಾಕು, ಎಣಗಾಯಿ ಬಡಿಸುತ್ತಿದ್ದರು.

“ಫೋರ್‌ಮನ್ ಕೆಲಸಾ ಇನ್ನ ನೀನ ನೋಡ್ಕೊ,” ಎಂದರು ಕಾಕಾ.

“ಬ್ಯಾಡ್ರಿ ಕಾಕಾ.”

“ನಾಚಬ್ಯಾಡಲೇ.”

“ನಾಚಿಕಿ ಅಲ್ರಿ. ಅದು ರಫೀಕ್ ಭಾಯಿಗೆ ಬರಬೇಕಾದ್ದು. ನಾ ಬಂದು ಎಂಟ ತಿಂಗಳಾತು ಅಷ್ಟ.”

ಕಾಕಾ ನಕ್ಕು ಕಾಕು ಕಡೆ ತಿರುಗಿದರು. “ನೋಡ, ಥೇಟ್ ಇವರಪ್ಪನ್ಹಂಗ. ಮೂರ ಸಲಾ ಹೇಳಿಸಿಕೊಳ್ಳದ ಏನೂ ತಗೊಳ್ಳಾಂಗಿಲ್ಲ.” ಆಮೇಲೆ ದನಿ ತಗ್ಗಿಸಿದರು. “ರಫೀಕ್ ಛಲೋ ಮನಷ್ಯಾ. ಆದ್ರ ನಮ್ಮಂವ ನಮ್ಮಂವನ. ಹ್ಞೂಂ ಅನ್ನು.”

ಮೂರನೆಯ ಸಲ ನಾನು ಸುಮ್ಮನಾದೆ. ಸಂಬಳ ಎಷ್ಟೆಂದು ಗೊತ್ತಿತ್ತು. ಅವ್ವ ಓಣಿಯಲ್ಲೆಲ್ಲ ಹೇಳಿಕೊಂಡು ಬರುವುದೂ ಕಣ್ಣಿಗೆ ಕಟ್ಟಿತು. ನಮ್ಮಲ್ಲಿ ಸುಮ್ಮನಾದರೆ ಬಡಿಸಿಬಿಡುತ್ತಾರೆ.

“ನೀ ಫೋರ್‌ಮನ್ ಆದದ್ದನ್ನ ಊರಾಗ ಎಲ್ಲಾರೂ ಕೇಳಾಕತ್ತಾರ,” ಎಂದಳು ಅವ್ವ ಫೋನಿನಲ್ಲಿ. “ನಿಮ್ಮ ಕಾಕಾ ನಮ್ಮನ್ನ ಮರೀಲಿಲ್ಲ ನೋಡು.” ಹೌದವ್ವಾ ಎಂದೆ. ನನಗೀಗ ಬೇರೆ ಕೋಣೆ. ರೊಟ್ಟಿ ಈಚೆಗೆ ಹರಿಯುವುದಿಲ್ಲ, ಎಣಿಸುವುದನ್ನು ಬಿಟ್ಟಿದ್ದೇನೆ.

ನಿನ್ನೆ ಟ್ಯಾಂಕಿನ ನೆರಳಿನಲ್ಲಿ ಎಲ್ಲರೂ ದಣಿವಾರಿಸಿಕೊಳ್ಳುತ್ತಿದ್ದೆವು. ರಫೀಕ್ ಭಾಯಿ ಫ್ಲಾಸ್ಕಿನ ಕಾಫಿ ಹಂಚುತ್ತ ನನ್ನೆದುರು ಬಂದು ನಿಂತರು.

“ತಗೋರಿ ಸಾಹೇಬ್ರ.”

“ಭಾಯಿ, ನನಗ ತಮ್ಮಾ ಅನ್ರಿ.”

“ಕೆಲಸದ ಹೊತ್ತರಿ ಇದು.”

ಒಂದು ಬಟ್ಟಲು ಕುಡಿದು ಮುಗಿಸಿ, ಖಾಲಿ ಫಿಂಜಾನ್ ಚಾಚಿ ಅಲ್ಲಾಡಿಸಿದೆ. ಇಲ್ಲಿಯ ಪದ್ಧತಿ ಈಗ ನನ್ನ ಕೈಗೆ ಬಂದಿದೆ. ಅವರು ಬಟ್ಟಲು ಇಸಿದುಕೊಂಡು ಮುಂದಿನವನ ಕಡೆ ಹೋದರು. ನಮ್ಮೂರಿನವರಂತೆ ‘ಇನ್ನೊಂದೀಟು ತಗೋ’ ಎಂದಾರೇನೋ ಎಂದು, ಚಾಚಿದ ಕೈಯನ್ನು ನಾನು ಸ್ವಲ್ಪ ಹೊತ್ತು ಹಾಗೇ ಹಿಡಿದುಕೊಂಡಿದ್ದೆ.