ಕೆಂಪೆಂದರೆ ಹಣ್ಣು

ಇತ್ತೀಚೆಗೆ ಅಡುಗೆಮನೆಯಲ್ಲಿ ಮಿಕ್ಸರ್ ಗುರ್ರೆಂದರೂ ನನ್ನ ಎರಡು ಕೈಗಳು ತಾವಾಗಿಯೇ ಮೇಲೇಳುತ್ತವೆ. ಚಟ್ನಿ ರುಬ್ಬುವ ಹೆಂಡತಿ ಇದನ್ನು ಶರಣಾಗತಿಯೆಂದು ತಿಳಿದು ಸಂತೋಷಪಡುತ್ತಾಳೆ. ಅದು ಬರೀ ಭಯ. ಆ ಭಯದ ಮೂಲ ಆಕಾಶದಲ್ಲಿದೆ.

ಪೋತ್ನಾಳದ ನನ್ನ ಸೋದರಮಾವ ಬಸಣ್ಣನ ಫೋನಿಗೆ ಉಪಗ್ರಹ ತೆಗೆದ ಅವನ ಭತ್ತದ ಹೊಲದ ಚಿತ್ರ ಬರುತ್ತದೆ. ಬೆಳೆ ಎಷ್ಟು ಮಾಗಿದೆಯೆಂದು ಮೇಲಿನಿಂದಲೇ ತಿಳಿಯುವ ಏರ್ಪಾಡು. ಉಪಗ್ರಹದವರದೊಂದು ರೂಢಿಯಿದೆ: ಹಸಿರು ಪೈರು ಚಿಮ್ಮಿಸುವ, ನಮ್ಮ ಕಣ್ಣಿಗೆ ಕಾಣದ ಬೆಳಕಿಗೆ ಅವರು ಕೆಂಪು ಬಳಿಯುತ್ತಾರೆ. ಪೈರು ಹಸಿರಾಗಿ ಸೊಕ್ಕಿದಷ್ಟೂ ಚಿತ್ರ ಕೆಂಪು. ಇದು ನನಗೆ ಗೊತ್ತಾದದ್ದು ಆಮೇಲೆ. ಮಾವನೋ ಜನ್ಮವಿಡೀ ಮೆಣಸಿನಕಾಯಿ ಬೆಳೆದವನು, ಭತ್ತಕ್ಕೆ ಬಂದದ್ದು ಈಚೆಗೆ. ಅವನಿಗೆ ಕೆಂಪೆಂದರೆ ಹಣ್ಣು.

ದೇವದುರ್ಗದ ಬೀಗರ ಮನೆಯಲ್ಲಿ ಹೋಳಿಗೆ ತಿನ್ನುತ್ತ ಚಿತ್ರ ನೋಡಿದವನೇ ಕೊಯ್ಲು ಯಂತ್ರದವನಿಗೆ ಹೇಳಿಬಿಟ್ಟ. ಆಮೇಲೆ, ಮಾನ್ವಿಯ ಕಾಲೇಜಿನಲ್ಲಿ ಇತಿಹಾಸ ಕಲಿಸುವ ನನಗೆ ಫೋನು: "ಅಳಿಯಾ, ಹೊಲ ಕೆಂಪಗ ಉರಿಯಾಕತ್ತದ. ಹೋಗಿ ಮುಂದ ನಿಂತು ಕೊಯ್ಸು."

ಮುಂದೆ ನಿಲ್ಲುವುದೆಂದರೆ ಮೇಲ್ವಿಚಾರಣೆ ಎಂದೇ ಆವರೆಗೆ ನಂಬಿದ್ದೆ. ಹೋಗಿ ನೋಡಿದರೆ ಬೆಳೆ ಗಿಳಿಹಸಿರು. ಯಂತ್ರ ಆಗಲೇ ಬದು ಏರಿ ಇಳಿಯುತ್ತಿದೆ. ಮಾವನ ಮನೆಯ ವರ್ಷದ ಅನ್ನ ಹಸಿಯಾಗಿಯೇ ನೆಲಕ್ಕೆ ಬೀಳುವುದರಲ್ಲಿತ್ತು. ಕೈಯೆತ್ತಿ ಅಡ್ಡ ಓಡಿದೆ. ಚಾಲಕನ ಕಿವಿಯಲ್ಲಿ ತೆಲುಗು ಹಾಡು. ಹಲ್ಲುಗಳ ಸಾಲು ನನ್ನ ಹೊಟ್ಟೆಗೆ ಮಾರು ದೂರದಲ್ಲಿ ನಿಂತಿತು. ಇತಿಹಾಸದ ಮೇಷ್ಟ್ರು ಇತಿಹಾಸವಾಗುವುದು ಸ್ವಲ್ಪದರಲ್ಲಿ ತಪ್ಪಿತು.

"ಯಪ್ಪಾ! ಸಾಯಾಕ ಬ್ಯಾರೆ ಹೊಲ ಸಿಗಲಿಲ್ಲೇನ್ರೀ?" ಎಂದ ಚಾಲಕ. ಮಾಲೀಕ ಹೇಳುವವರೆಗೆ ಹಿಂದೆ ಸರಿಯಲಾರೆ ಎಂದೂ ಹೇಳಿದ. ಅಲ್ಲೇ ನಿಂತು ಮಾವನಿಗೆ ಫೋನು ಒತ್ತಿದೆ.

"ಮಾವ, ಬೆಳಿ ಹಸರು ಅದ!"

"ಫೋಟೋದಾಗ ಕೆಂಪು ಅದಲ್ಲಲೇ."

"ನಾ ಹೊಲದಾಗs ನಿಂತೀನಿ!"

"ನೀ ಹೊಲದಾಗ ನಿಂತಿ, ಅದು ಆಕಾಶದಾಗ ನಿಂತದ. ಯಾರಿಗೆ ಚಲೋ ಕಾಣ್ತದ, ನೀನs ಹೇಳು."

ಎರಡು ಪದವಿ ಪಡೆದ ನಾನು ‘ಹಸರು, ಹಸರು’ ಎಂದು ಕೂಗುತ್ತಲೇ ಇದ್ದೆ. ಯಂತ್ರ ಗುರುಗುಡುತ್ತಲೇ ಇತ್ತು. ಕೊನೆಗೆ ಮಾವನೇ, "ಒಂದು ಕಾಳು ಕಡದು ನೋಡು" ಎಂದ. ಕಡಿದೆ.

"ಹಾಲು ಬಂತು ಮಾವ."

ಆ ಕಡೆ ಹೋಳಿಗೆ ಜಗಿಯುವ ಸದ್ದು ನಿಂತಿತು. "ಯವ್ವಾ! ಹಾಲುಗೂಸಿನ ಕುತ್ತಿಗಿ ಕೊಯ್ಸಾಕತ್ತಿದ್ನಲ್ಲೋ! ಹೊಳ್ಳಿಸಲೇ ಅವನ್ನ!"

ಬೆಳೆ ಉಳಿಯಿತು. ಉಪಗ್ರಹ ಸುಳ್ಳು ಹೇಳಿರಲಿಲ್ಲ, ಅದರ ಭಾಷೆ ಬೇರೆ, ನಮ್ಮದು ಬೇರೆ, ಅಷ್ಟೇ. ಆ ದಿನವೇ ಅದು ಇನ್ನೊಮ್ಮೆ ಹಾದುಹೋಗಿತ್ತು. ಆ ಚಿತ್ರವನ್ನು ಹಿಗ್ಗಿಸಿ ಹಿಗ್ಗಿಸಿ ನನ್ನನ್ನು ಹುಡುಕಿದೆ. ಹೊಲವೆಲ್ಲ ಕೆಂಪು, ಜೀವ ಕೊಡಲು ಹೊರಟವನು ಒಂದು ಚುಕ್ಕೆಯಾಗಿಯೂ ಇಲ್ಲ. ಮಾವನ ಬಳಿ ದೂರಿಕೊಂಡೆ.

"ಅಷ್ಟು ಮ್ಯಾಲಿಂದ ದೊಡ್ಡ ದೊಡ್ಡದಷ್ಟs ಕಾಣ್ತದಪಾ," ಎಂದ ಮಾವ. "ಅದಕ್ಕಂತ ಕೆಳಗ ಒಬ್ಬ ಅಳಿಯನ್ನ ಇಟಗೊಂಡೀನಿ."