ಫ್ಲಾಪಿಗೆ ಪಾಠ ಹೇಳಿದ್ದು

ಸಾದಾ ಗಿಟಾರಿಗೆ ಆರು, ಬೇಸ್ ಗಿಟಾರಿಗೆ ನಾಲ್ಕೇ ತಂತಿ. ಈ ಮಾತನ್ನು ರೋಣ, ಗಜೇಂದ್ರಗಡ, ನರಗುಂದಗಳಲ್ಲಿ ನಾನು ಎಷ್ಟು ಮಂದಿಗೆ ತಿಳಿಸಿ ಹೇಳಿದ್ದೇನೋ ನೆನಪಿಲ್ಲ. ಮದುವೆಯ ಹಂದರದಲ್ಲಿ ಕೌದಿ ಹೊಲಿದು ಮಾಡಿದ ಚೀಲದಿಂದ ವಾದ್ಯ ಹೊರತೆಗೆದೊಡನೆ ಯಾರಾದರೂ ಹಿರಿಯರು ಬಂದು, ಬಗ್ಗಿ ನೋಡಿ, ಕನಿಕರಪಡುತ್ತಿದ್ದರು.

"ಮಾಸ್ತರ, ಎರಡು ತಂತಿ ಕಡದಾವಲ್ರಿ. ಹಂಗ ಬಾರಸ್ತೀರೇನು?"

"ಕಡದಿಲ್ರಿ. ಇದಕ್ಕ ಇರೂದ ನಾಕು."

"ಇರ್ಲಿ ಬಿಡ್ರಿ. ಇದ್ದದ್ರಾಗ ಮಾಡ್ರಿ."

ಇದ್ದದ್ದರಲ್ಲೇ ಮಾಡಿದೆ. ರೋಣದ ಒಂದು ಶಾಲೆಯಲ್ಲಿ ನಾನು ಡ್ರಾಯಿಂಗ್ ಮಾಸ್ತರ. ಅಲ್ಲಿಯೂ ನನ್ನ ವಿಷಯದ ಅಂಕಗಳನ್ನು ಯಾರೂ ಕೂಡಿಸುವುದಿಲ್ಲ. ರಜೆಯ ದಿನ ಗಜೇಂದ್ರಗಡದ ಒಂದು ರಸಮಂಜರಿ ತಂಡದಲ್ಲಿ ಬೇಸ್ ಬಾರಿಸುತ್ತಿದ್ದೆ. ಎರಡು ಸಾವಿರದ ಇಸವಿ ಬರುವ ಹೊತ್ತಿಗೆ ತಂಡದಲ್ಲಿ ನನ್ನಷ್ಟು ಹಳಬರೆಂದರೆ ಉಸ್ತಾದರು ಒಬ್ಬರೇ. ಉಸ್ತಾದರು ತಂಡದ ಮಾಲೀಕರು, ಹಾಡುವವರೂ ಅವರೇ. ಹೊಟ್ಟೆಪಾಡಿಗೆ ಗಜೇಂದ್ರಗಡದ ಬಸ್ ಸ್ಟ್ಯಾಂಡಿನ ಹತ್ತಿರ ಬಳೆ ಅಂಗಡಿ ಇಟ್ಟಿದ್ದರು. ಮಗ್ಗ ಕಿತ್ತುಹೋಗಿ ಖಾಲಿ ಬಿದ್ದಿದ್ದ ಒಂದು ಖೋಲಿಯಲ್ಲಿ ನಮ್ಮ ತಾಲೀಮು. ಪಕ್ಕದ ಖೋಲಿಯ ಮಗ್ಗಗಳು ಇನ್ನೂ ನಡೆಯುತ್ತಿದ್ದವು, ನಮ್ಮ ತಾಳಕ್ಕೂ ಅವುಗಳ ತಾಳಕ್ಕೂ ಒಂದು ದಿನವೂ ಹೊಂದಲಿಲ್ಲ.

ಬೇಸಿನ ವಿಷಯದಲ್ಲಿ ನನಗೆ ಬಹಳ ಅಭಿಪ್ರಾಯಗಳಿದ್ದವು. ಕೇಳುವವರಿಲ್ಲದ್ದರಿಂದ ಅವು ಹಾಗೇ ಬೆಳೆದುಕೊಂಡವು. ಬೇಸ್ ಬಾರಿಸುವವನು ನಗಬಾರದು, ಕುಣಿಯಬಾರದು, ಡೋಲಿನವನ ಬಲಗೈ ಬಿಟ್ಟು ಬೇರೇನನ್ನೂ ನೋಡಬಾರದು ಎನ್ನುತ್ತಿದ್ದೆ. ಐದನೆಯ ತಂತಿ ಬೇಕೆನ್ನುವವನಿಗೆ ಮೊದಲಿನ ನಾಲ್ಕು ಗೊತ್ತಿಲ್ಲ ಎನ್ನುತ್ತಿದ್ದೆ. ಹೊಸ ತಂತಿಗೆ ಹುಬ್ಬಳ್ಳಿಗೆ ಓಡುವುದು ದಡ್ಡತನವೆಂದೂ, ಹಳೆಯ ತಂತಿಗಳನ್ನು ಸೋಡಾ ಹಾಕಿದ ನೀರಿನಲ್ಲಿ ಕುದಿಸಿದರೆ ಬೆವರು, ಎರಿ ಮಣ್ಣಿನ ಧೂಳು ಎಲ್ಲ ಬಿಟ್ಟು ದನಿ ತಿರುಗಿ ಬರುತ್ತದೆಂದೂ ನಂಬಿದ್ದೆ. ನಿಜವಾಗಿ ಬರುತ್ತದೆ. ಆದರೆ ಕುದಿಸಲು ಸಿಗುತ್ತಿದ್ದ ಪಾತ್ರೆ ಬೇಳೆಯದು.

"ಇದೇನ್ ಶಾವಿಗಿ ಬಸ್ಯಾಕತ್ತೀರೇನ್ರಿ?" ಎಂದು ನನ್ನ ಹೆಂಡತಿ ಒಲೆಯ ಪಕ್ಕ ನಿಂತು ಕೇಳಿದ್ದಳು. "ನಿಮ್ಮ ಗಿಟಾರಕ್ಕ ದನಿ ಬಂತೋ ಇಲ್ಲೋ ಗೊತ್ತಿಲ್ಲ. ನಮ್ಮ ಬ್ಯಾಳಿಗೆ ಮಾತ್ರ ಕಬ್ಬಣದ ರುಚಿ ಬಂದೈತಿ."

ನನ್ನ ಚೀಲದಲ್ಲಿ ಬೆಸುಗೆಯ ಕಡ್ಡಿ, ಎರಡು ಕೇಬಲ್ಲು, ಬೀಡಿ ಡಬ್ಬಿಯ ತುಂಬ ಫ್ಯೂಜುಗಳು ಇರುತ್ತಿದ್ದವು. ಬೇಸಿನ ತಂತಿ ಕಡಿಯುವುದು ನಾನಂತೂ ನೋಡಿಲ್ಲ, ಆದರೂ ಹೆಚ್ಚಿನ ತಂತಿಗಳು ಇರುತ್ತಿದ್ದವು. ಲೈಟು ಹೋದೀತೆಂದು, ವೋಲ್ಟೇಜು ಇಳಿದೀತೆಂದು, ಬಿಸಿಲಿಗೆ ಗಿಟಾರಿನ ಕುತ್ತಿಗೆ ಬಾಗೀತೆಂದು ನಾನು ಚಿಂತಿಸದ ದಿನವಿಲ್ಲ. ಮೊದಮೊದಲು ನನ್ನ ಬೇಸನ್ನೂ ಮೈಕ್ ಸೆಟ್ಟಿನ ಭೋಂಗಾ ಎಂಬ ತಗಡಿನ ತುತ್ತೂರಿಯೊಳಗೇ ಬಿಡುತ್ತಿದ್ದರು. ಭೋಂಗಾಕ್ಕೆ ಕೆಳಗಿನ ಸ್ವರ ಹೊರಡುವುದೇ ಇಲ್ಲ. ಹಾಗೆ ನಾನು ಬಾರಿಸಿದ ಅಷ್ಟೂ ವರ್ಷ ನನ್ನ ಬೇಸನ್ನು ಕೇಳಿದವನು ನಾನೊಬ್ಬನೇ, ಅದೂ ಬೆರಳಿನ ತುದಿಯಿಂದ. ಕೊನೆಗೆ ಗಜೇಂದ್ರಗಡದ ಬಡಿಗೇರನ ಹತ್ತಿರ ದಪ್ಪ ಹಲಗೆಯ ಡಬ್ಬಿಯೊಂದನ್ನು ಮಾಡಿಸಿ, ಹದಿನೈದು ಇಂಚಿನ ಸ್ಪೀಕರು ಕೂಡಿಸಿದೆ. ಎತ್ತಲು ಇಬ್ಬರು ಬೇಕು. ತಾಲೀಮಿನ ಖೋಲಿಯಲ್ಲೇ ಅದರ ವಾಸ.

ನಮ್ಮ ಕಡೆ ಬೇಸಿನವನ ನಿಜವಾದ ಕೆಲಸ ಹಾಡಿನಲ್ಲಿಲ್ಲ, ಆಯೇರಿಯಲ್ಲಿದೆ. ಮದುವೆಯಲ್ಲಿ ಬಂಧುಗಳು ಕೊಟ್ಟ ಉಡುಗೊರೆಯನ್ನು ಮೈಕಿನಲ್ಲಿ ಓದಿ ಹೇಳಲೇಬೇಕು. ಹಾಡು ಅರ್ಧಕ್ಕೆ ಬಂದಿರುತ್ತದೆ, ಚೀಟಿ ಉಸ್ತಾದರ ಕೈಗೆ ಬರುತ್ತದೆ. "ಅಬ್ಬಿಗೇರಿಯ ಸೋದರಮಾವನವರಿಂದ ವರನಿಗೆ ಒಂದು ಉಂಗುರ, ಸೋದರತ್ತೆಯವರಿಂದ ವಧುವಿಗೆ ಒಂದು ಸೀರೆ, ಕುಪ್ಪಸ, ಐದು ಸ್ಟೀಲ್ ತಾಟು" ಎಂದು ಅವರು ಓದುವಾಗ ಹಾಡು ಸಾಯಬಾರದು, ಮುಂದೆಯೂ ಹೋಗಬಾರದು. ಡೋಲಿನವನು ಮತ್ತು ನಾನು ಅದನ್ನು ಅಲ್ಲೇ ಹಿಡಿದು ನಿಲ್ಲಿಸಬೇಕು, ಕಾಳಿನ ಹಗೇವಿಗೆ ಒಬ್ಬನನ್ನು ಇಳಿಸಿ ಮೇಲೆ ಹಗ್ಗ ಹಿಡಿದು ನಿಂತವರಂತೆ. ಉಸ್ತಾದರು ಚೀಟಿ ಮಡಚಿ ಬಾಯಿ ತೆರೆದರೆ ಅದೇ ಕ್ಷಣ ಬಿಡಬೇಕು. ಇದರಲ್ಲಿ ನಾನು ಒಮ್ಮೆಯೂ ತಪ್ಪಿದವನಲ್ಲ. ನನ್ನನ್ನು ಈ ತಂಡದಿಂದ ಯಾರೂ ಕದಲಿಸಲಾರರು ಎಂಬ ಧೈರ್ಯ ನನಗಿದ್ದುದು ಈ ಒಂದೇ ವಿದ್ಯೆಯಿಂದ.

ಆಗ ತಂಡಕ್ಕೆ ಹೊಸ ಕೀಬೋರ್ಡಿನವನು ಬಂದ. ನರಗುಂದದಲ್ಲಿ ಫೋಟೋ ಸ್ಟುಡಿಯೋ ಇಟ್ಟವನು, ಹೆಂಡತಿ ಮಕ್ಕಳಿದ್ದವನು, ಮರ್ಯಾದಸ್ಥ. ಅವನ ಕೀಬೋರ್ಡಿನ ಪಕ್ಕೆಯಲ್ಲಿ ಒಂದು ಸೀಳು, ಅದರಲ್ಲಿ ಫ್ಲಾಪಿ ಹೋಗುತ್ತಿತ್ತು. ಒಮ್ಮೆ ಒತ್ತಿದ್ದನ್ನು ಫ್ಲಾಪಿ ಹಿಡಿದಿಟ್ಟುಕೊಂಡು, ಬೇಕಾದಾಗ ತಾನೇ ನುಡಿಸುತ್ತಿತ್ತು. ಒಂದು ದಿನ ತಾಲೀಮು ಮುಗಿದ ಮೇಲೆ ಅವನು ನನ್ನ ಚೀಲ ಹೊತ್ತುಕೊಂಡು ಬಸ್ ಸ್ಟ್ಯಾಂಡಿನವರೆಗೆ ಬಂದ.

"ಸರ್, ನಿಮ್ಮ ಬೇಸ್ ನಾ ಪೂರಾ ಕಲೀಬೇಕ್ರಿ. ಆಯತವಾರ ಸ್ಟುಡಿಯೋಕ್ಕ ಬರ್ತೀರೇನ್ರಿ?"

ಇಷ್ಟು ವರ್ಷಗಳಲ್ಲಿ ಹೀಗೆ ಕೇಳಿದವನು ಅವನೊಬ್ಬ. ಮನೆಗೆ ಬಂದು ಹೆಂಡತಿಗೆ ಹೇಳಿದೆ, ನನಗೊಬ್ಬ ಶಿಷ್ಯ ಸಿಕ್ಕಿದ್ದಾನೆಂದು.

"ಗಿಟಾರ ತಂದಾನೇನ್ರಿ ಅವ?"

"ಇಲ್ಲ."

"ಗಿಟಾರ ಇಲ್ದ ಗಿಟಾರ ಹ್ಯಾಂಗ ಕಲೀತಾನ?"

"ಸ್ವರ ಗೊತ್ತ ಮಾಡ್ಕೊಂತಾನ. ನಿನಗ ತಿಳಿಯಂಗಿಲ್ಲ."

ಅವಳಿಗೆ ತಿಳಿದಿತ್ತು. ಫ್ಯೂಜಿಗೆ, ವೋಲ್ಟೇಜಿಗೆ, ಬಸ್ಸಿನ ಟಪ್ಪಿನ ಮೇಲಿನ ಹಗ್ಗಕ್ಕೆ ಚಿಂತೆ ಮಾಡುವ ನಾನು ಇದೊಂದಕ್ಕೆ ಮಾತ್ರ ನಿಶ್ಚಿಂತನಾಗಿ, ಶಾಲೆಗೆ ರಜೆಯಿದ್ದ ಆಯತವಾರ ಆಯತವಾರ ನರಗುಂದಕ್ಕೆ ಹೋದೆ.

ಸ್ಟುಡಿಯೋದಲ್ಲಿ ಕೆರೆ, ಹಂಸ ಬರೆದ ಪರದೆ ತೂಗಿಬಿಟ್ಟಿತ್ತು. ನಾನು ಹಂಸದ ಮುಂದೆ ಕೂತು ಒಂದೊಂದೇ ಹಾಡು ಬಾರಿಸುತ್ತಿದ್ದೆ. ಅವನು ಕೇಳಿಕೊಂಡು ಕೀಲಿಗಳನ್ನು ಒತ್ತಿ, ಮತ್ತೆ ಯಂತ್ರದಿಂದಲೇ ನುಡಿಸಿ ತೋರಿಸುತ್ತಿದ್ದ. "ಹೌದೇನ್ರಿ ಸರ್?" ಎನ್ನುತ್ತಿದ್ದ. ನಾನು ಅಷ್ಟಕ್ಕೆ ಬಿಡುವವನಲ್ಲ. ಈ ಸ್ವರ ಇಷ್ಟು ಉದ್ದ ಬೇಡ, ಇಲ್ಲಿ ಜಾರಿಸಬೇಕು, ಇಲ್ಲಿ ಡೋಲಿಗಿಂತ ಕೂದಲೆಳೆ ಹಿಂದೆ ಬರಬೇಕು ಎಂದು ಯಂತ್ರವನ್ನು ತಿದ್ದಿದೆ. ಮಕ್ಕಳ ಚಿತ್ರವನ್ನು ಕೂಡ ಅಷ್ಟು ಕಾಳಜಿಯಿಂದ ತಿದ್ದಿದವನಲ್ಲ. ಆಯೇರಿ ಹಿಡಿಯುವ ವಿದ್ಯೆಯನ್ನೂ ಹೇಳಿಕೊಟ್ಟೆ. ಅವನು ಅದನ್ನು ಒಂದು ಗುಂಡಿಗೆ ಕಟ್ಟಿದ. ಒತ್ತಿದರೆ ಹಾಡು ನಿಂತಲ್ಲೇ ಸುತ್ತುತ್ತಿತ್ತು, ಬಿಟ್ಟರೆ ಮುಂದೆ ಹೋಗುತ್ತಿತ್ತು. "ಶಾಣ್ಯಾ ಅದೀ ಬಿಡಪಾ" ಎಂದು ಅವನ ಬೆನ್ನು ತಟ್ಟಿದ್ದು ನಾನೇ.

ಅದಾದ ಕೆಲವು ದಿನಗಳಿಗೆ ಉಸ್ತಾದರು ಅಂಗಡಿಗೆ ಬರಹೇಳಿದರು. ನಾನು ಹೋದಾಗ ಅವರು ಹೆಣ್ಣುಮಗಳೊಬ್ಬಳಿಗೆ ಬಳೆ ಇಡಿಸುತ್ತಿದ್ದರು. ಮುಂಗೈಯನ್ನು ಮೆತ್ತಗೆ ಹಿಚುಕಿ, ಮಾತಾಡುತ್ತ ಆಡುತ್ತ, ನೋವು ತಿಳಿಯುವುದರೊಳಗೆ ಏರಿಸಿಬಿಡುವುದು ಅವರ ಕಸುಬು. ಕೈ ನಿಲ್ಲಿಸದೆ ನನ್ನೊಡನೆಯೂ ಮಾತಾಡಿದರು.

"ಮಾಸ್ತರ, ನರಗುಂದದ ಮದಿವಿ ಐತಲ್ರಿ. ಟೆಂಪೋದಾಗ ಜಾಗಾ ಸಾಲವಲ್ದು. ಈ ಸಲ ನೀವು ಬಸ್ಸಿಗೆ ಬಂದ್ಬಿಡ್ರಿ."

"ಬರ್ತೀನ್ರಿ. ಗಿಟಾರ ನನ್ನ ಹಂತೇಕ ಐತಿ."

"ಗಿಟಾರ ಬ್ಯಾಡ್ರಿ. ಒಂದ್ಸಲ ಮಂದ್ಯಾಗ ಕುಂತ ಕೇಳ್ರಿ. ನಿಮ್ಮ ಡಬ್ಬಿ ನಾವು ತರ್ತೀವಿ."

"ಬೇಸ್ ಯಾರ್ ಬಾರಸ್ತಾರ?"

"ನೀವ ಬಾರಸ್ತೀರಿ. ಫ್ಲಾಪಿಯಾಗ ಅದೀರಲ್ಲ." ಬಳೆ ಏರಿತು. ಆ ಹೆಣ್ಣುಮಗಳು ಕೈ ತಿರುಗಿಸಿ ನೋಡಿಕೊಂಡಳು. ಉಸ್ತಾದರು ಆಗ ನನ್ನ ಕಡೆ ತಿರುಗಿದರು. "ಖರೇ ಹೇಳ್ತೀನಿ ಮಾಸ್ತರ. ಗಿಟಾರ ಬಾರಸಾವ ಎಲ್ಲಿ ಅಂತ ಮಂದ್ಯಾಗ ಒಬ್ಬ ಕೇಳಿದ್ರೂ ಸಾಕು, ಮುಂದಿನ ಸಲದಿಂದ ನಿಮ್ಮ ಜಾಗಾ ನಿಮಗ. ಯಾರೂ ಕೇಳಲಿಲ್ಲಂದ್ರ, ನಾ ಏನ್ ಮಾಡ್ಲಿ, ನೀವ ಹೇಳ್ರಿ."

ಒಬ್ಬ. ಇಡೀ ಹಂದರದಲ್ಲಿ ಒಬ್ಬ ಸಾಕಿತ್ತು.

ಮದುವೆಯ ದಿನ ಮಧ್ಯಾಹ್ನ ಅಕ್ಷತೆ ಬಿದ್ದು ಊಟ ಶುರುವಾಗಿತ್ತು. ವೇದಿಕೆಯ ಮೇಲೆ ಹಿಂಬದಿಗೆ ನನ್ನ ಡಬ್ಬಿ, ಅದರ ಮುಂದೆ ನಾನು ನಿಲ್ಲುತ್ತಿದ್ದ ಜಾಗದಲ್ಲಿ ನೀರಿನ ಕೊಡ ಇಟ್ಟಿದ್ದರು. ನಾನು ನಡುವಿನ ಸಾಲಿನ ಕುರ್ಚಿ ಹಿಡಿದು, ಪಕ್ಕದವರ ಮುಖಗಳನ್ನು ನೋಡುತ್ತ ಕೂತೆ. ಹಾಡು ಶುರುವಾಯಿತು. ಬೇಸು ಬಂತು, ಎದೆಗೆ ಬಡಿಯಿತು. ಇಷ್ಟು ವರ್ಷಗಳಲ್ಲಿ ನನ್ನ ಡಬ್ಬಿಯ ಎದುರಿಗೆ ನಾನು ಕೂತದ್ದು ಅದೇ ಮೊದಲು. ಡಬ್ಬಿ ಚಲೋ ಇತ್ತು. ಆಯೇರಿ ಚೀಟಿ ಬಂತು. ಉಸ್ತಾದರು ಓದಿದರು, ತಾಟು, ತಂಬಿಗೆ, ಗಡಿಯಾರ. ಹಾಡು ನಿಂತಲ್ಲೇ ಸುತ್ತಿತು. ಚೀಟಿ ಮಡಚಿದರು, ಹಾಡು ಮುಂದೆ ಸಾಗಿತು. ಕೂದಲೆಳೆಯಷ್ಟು ಹಿಂದೆ, ನಾನು ಹೇಳಿಕೊಟ್ಟಂತೆಯೇ. ನನ್ನ ಕಾಲು ತಾಳ ಹಾಕುತ್ತಿದ್ದುದು ನನಗೆ ತಡವಾಗಿ ಗೊತ್ತಾಯಿತು. ನಿಲ್ಲಿಸಿದೆ.

ಯಾರೂ ಏನೂ ಕೇಳಲಿಲ್ಲ. ಚಿಂತೆ ಹೆಚ್ಚಾಗಿ, ಮಾಡಬಾರದ್ದನ್ನು ಮಾಡಿದೆ. ಊಟ ಮುಗಿಸಿ ಬಂದು ಪಕ್ಕದಲ್ಲಿ ಎಲೆ ಅಡಿಕೆ ಹಾಕುತ್ತ ಕೂತಿದ್ದ ಹಿರಿಯರ ಕಡೆ ಬಾಗಿದೆ.

"ಇವತ್ತ ಏನೋ ಕಡಿಮಿ ಆಗೇತಿ ಅನಸ್ತೈತಲ್ರಿ?"

ಅವರು ಸುಣ್ಣ ಹಚ್ಚುವುದನ್ನು ನಿಲ್ಲಿಸಿ ವಿಚಾರ ಮಾಡಿದರು. "ಹೌದ್ರಿ," ಎಂದರು. ನನಗೆ ಜೀವ ಬಂದಂತಾಯಿತು. "ಸಾರಿಗೆ ಉಪ್ಪು. ನಾನೂ ಅದ ಅನ್ನಾಂವಿದ್ದೆ."

"ಊಟದ್ದಲ್ರಿ, ಹಾಡಿಂದು."

"ಹಾಡಿಗೆ ಏನಾಗೇತಿ? ಚಲೋ ಬಡೀತೈತಲ್ಲ."

ಅದಾದ ಮೇಲೆ ಉಸ್ತಾದರು ತಮ್ಮ ಹೆಸರಾದ ಹಾಡು ತೆಗೆದರು, ಪ್ರತಿ ಮದುವೆಯಲ್ಲೂ ಇನ್ನೊಮ್ಮೆ ಎನಿಸಿಕೊಳ್ಳುವ ಹಾಡು. ಪಲ್ಲವಿ ಮುಗಿದು ಚರಣಕ್ಕೆ ತಿರುಗುವ ಜಾಗದಲ್ಲಿ ನಾನು ಥಟ್ಟನೆ ತಲೆ ಎತ್ತಿದೆ. ಬೇಸು ತಪ್ಪಿತ್ತು. ಹಾಡು ಮಧ್ಯಮಕ್ಕೆ ಹೋದರೆ ಬೇಸು ಒಂದು ಸ್ವರ ಕೆಳಗೆ, ಗಾಂಧಾರದಲ್ಲೇ ಕೂತಿತ್ತು. ಯಂತ್ರ ಎಡವಿತು, ಇನ್ನು ನನ್ನ ಜಾಗ ನನಗೆ ಎಂದು ಕುರ್ಚಿಯಿಂದ ಅರ್ಧ ಎದ್ದೆ. ಎರಡನೆಯ ಚರಣಕ್ಕೆ ಮತ್ತೆ ಅದೇ ಗಾಂಧಾರ. ಆಗ ನನ್ನ ಎಡಗೈ ತೊಡೆಯ ಮೇಲೆ ತಾನಾಗಿ ಆ ಜಾಗವನ್ನು ಒತ್ತಿ ನೋಡಿತು. ಎರಡನೆಯ ಬೆರಳು ಯಾವಾಗಲೂ ಅಲ್ಲಿಯೇ ಬೀಳುತ್ತಿತ್ತು. ಯಂತ್ರ ತಪ್ಪಿರಲಿಲ್ಲ. ನಾನು ಬಾರಿಸಿದ್ದನ್ನು ಅದು ಬಾರಿಸುತ್ತಿತ್ತು.

ಅಷ್ಟೂ ವರ್ಷ ತಪ್ಪೇ ಬಾರಿಸಿದ್ದೆ. ವೇದಿಕೆಯ ಮೇಲೆ ಭೋಂಗಾಗಳ ಬಾಯಿ ಮಂದಿಯ ಕಡೆಗಿರುತ್ತದೆ. ನನ್ನ ಕಿವಿಗೆ ಬರುತ್ತಿದ್ದುದು ಡೋಲು ಮತ್ತು ಬೆನ್ನ ಹಿಂದಿನ ನನ್ನದೇ ಡಬ್ಬಿ. ತಾಲೀಮಿನಲ್ಲಿ ಮಗ್ಗದ ಸಪ್ಪಳ, ಸ್ಟುಡಿಯೋದಲ್ಲಿ ಹಾಡಿಲ್ಲದ ಬರೀ ಬೇಸು. ಹಾಡಿನ ಎದುರಿಗೆ ನನ್ನನ್ನು ಕೂಡಿಸಿ ಕೇಳಿಸಿದವರು ಯಾರೂ ಇರಲಿಲ್ಲ. ಕಿವಿಯ ವಿಷಯದಲ್ಲಿ ನಾನು ಎಷ್ಟು ಮಂದಿಗೆ ಬುದ್ಧಿ ಹೇಳಿದ್ದೆನೋ, ಅವೆಲ್ಲ ಒಂದೊಂದಾಗಿ ನೆನಪಾಗತೊಡಗಿದವು. ಪಕ್ಕದ ಹಿರಿಯರು ತಲೆದೂಗುತ್ತಿದ್ದರು. ಹಾಡು ಮುಗಿದಾಗ ಹಂದರವೆಲ್ಲ "ಒನ್ಸ್ ಮೋರ್" ಎಂದಿತು. ಮತ್ತೊಮ್ಮೆ ಆಯಿತು, ಗಾಂಧಾರದ ಸಮೇತ.

ಹೊತ್ತು ಇಳಿಯುವಾಗ ಸಾಮಾನು ಕಟ್ಟಿದರು. ಟೆಂಪೋ ಗಜೇಂದ್ರಗಡಕ್ಕೆ ಹೋಗುವುದು ರೋಣದ ಮೇಲೆಯೇ. ಬರುವಾಗ ಇಲ್ಲದ ಜಾಗ ಹೋಗುವಾಗ ಇತ್ತು. ನಾನು ಹಿಂದೆ ಡಬ್ಬಿಗೆ ಬೆನ್ನು ಹಚ್ಚಿ ಕೂತೆ. ನರಗುಂದದವನಾದರೂ ಕೀಬೋರ್ಡಿನವನು ಸಾಮಾನು ಇಳಿಸಲೆಂದು ಜೊತೆಗೆ ಹತ್ತಿದ. ಉಸ್ತಾದರು ಮುಂದಿನ ಸೀಟಿನಲ್ಲಿ ಕೂತು ದಾರಿಯುದ್ದಕ್ಕೂ ಡ್ರೈವರನೊಡನೆ ಮಳೆಯ ಮಾತಾಡಿದರು. ಗೆದ್ದೆನೆಂದು ಹೇಳಿಕೊಳ್ಳುವವರಲ್ಲ ಅವರು. ಅದು ಇನ್ನಷ್ಟು ಕಷ್ಟವಾಯಿತು. ರೋಣದಲ್ಲಿ ಗಾಡಿ ನಿಂತಿತು. ಅವರು ಕೆಳಗಿಳಿದು ನನ್ನ ಹತ್ತಿರ ಬಂದರು.

"ಯಾರರ ಕೇಳಿದ್ರೇನ್ರಿ, ಮಾಸ್ತರ?"

ಸುಳ್ಳು ಹೇಳಬಹುದಿತ್ತು. ನಂಬುತ್ತಿದ್ದರು ಕೂಡ.

"ಇಲ್ರಿ."

"ಸಿಟ್ಟ ಮಾಡ್ಕೋಬ್ಯಾಡ್ರಿ. ಮಂದಿ ಹಂಗ ಅದಾರ." ಡಬ್ಬಿಯ ಕಡೆ ನೋಡಿ, "ಡಬ್ಬಿ ಹಿಂಗ ಖೋಲ್ಯಾಗ ಇರ್ಲೇನ್ರಿ?" ಎಂದರು.

"ಇಳಸ್ರಿ," ಎಂದೆ.

ಉಸ್ತಾದರೂ ಕೀಬೋರ್ಡಿನವನೂ ಸೇರಿ, ಮೂಲೆ ತಾಗದಂತೆ, ಅದನ್ನು ರಸ್ತೆಯ ಬದಿಗೆ ಇಳಿಸಿದರು. ಉಸ್ತಾದರು ತಮ್ಮ ಟವೆಲ್ಲಿನಿಂದ ಅದರ ಮೇಲಿನ ಧೂಳು ಒರೆಸಿದರು. ಅವರು ಮುಂದೆ ಹೋಗಿ ಕೂತ ಮೇಲೆ ಕೀಬೋರ್ಡಿನವನು ಕೈ ಉಜ್ಜಿಕೊಳ್ಳುತ್ತ ನಿಂತ. ಅವನಿಗೆ ಬಹಳ ಸಂಕಟವಾಗಿತ್ತು. ಅದನ್ನು ನಾನು ಅಲ್ಲಗಳೆಯುವುದಿಲ್ಲ.

"ಸರ್, ನೀವು ಮುಂದ ಕುಂತ ಕೇಳೀರಿ. ಏನರ ತಿದ್ದೂದು ಐತೇನ್ರಿ? ಇವತ್ತ ಹೇಳಿದ್ರ ನಾಳೆ ಮಾಡಿಬಿಡ್ತೀನಿ. ನಿಮ್ಮಷ್ಟ ಕಿವಿ ನಮಗಿಲ್ರಿ."

ಚರಣದ ತಿರುವು ನನ್ನ ನಾಲಿಗೆಯ ತುದಿಯಲ್ಲಿತ್ತು. ಹೇಳಲು ಒಂದು ಗಳಿಗೆ ಸಾಕಿತ್ತು, ತಿದ್ದಲು ಅವನಿಗೆ ಒಂದು ಕೀಲಿ.

"ಏನೂ ಇಲ್ಲಪಾ," ಎಂದೆ. "ಬರೋಬ್ಬರಿ ಐತಿ. ಹಾಂಗ ಇರ್ಲಿ."

ಅವನು ಬಗ್ಗಿ ನನ್ನ ಕಾಲು ಮುಟ್ಟಿ ನಮಸ್ಕಾರ ಮಾಡಿದ. ಟೆಂಪೋ ಹೋಯಿತು.

ವಾರ ಕಳೆಯುವುದರೊಳಗೆ ಅವರು ಹುಬ್ಬಳ್ಳಿಯಿಂದ ಬೇರೆ ಡಬ್ಬಿ ತಂದರೆಂದು ಕೇಳಿದೆ, ನನ್ನದಕ್ಕಿಂತ ಹಗುರವಂತೆ. ತಂಡ ಈಗಲೂ ನಡೆಯುತ್ತಿದೆ. ನರೇಗಲ್ಲಿನಲ್ಲೋ ಅಬ್ಬಿಗೇರಿಯಲ್ಲೋ ಬಂಧುಗಳ ಮದುವೆಗೆ ಹೋದಾಗ ಒಮ್ಮೊಮ್ಮೆ ಎದುರಾಗುತ್ತದೆ. ಆ ಹಾಡು ಬಂದರೆ ನಾನು ತುತ್ತು ಕೈಯಲ್ಲೇ ಹಿಡಿದು, ಪಲ್ಲವಿ ಮುಗಿಯುವುದನ್ನು ಕಾಯುತ್ತೇನೆ. ನನ್ನ ಆ ಗಾಂಧಾರವನ್ನು ಯಾರಾದರೂ ತಿದ್ದಿಬಿಟ್ಟಿದ್ದರೆ ಎಂದು ಅಷ್ಟು ಹೊತ್ತು ಎದೆ ಹೊಡೆದುಕೊಳ್ಳುತ್ತದೆ. ಇಲ್ಲಿಯವರೆಗೆ ಯಾರೂ ತಿದ್ದಿಲ್ಲ.